ಹಳೇ ಕೋರ್ಟಿಗೆ ಹಾಕಿದ ಗ್ರಾನೈಟ್

ಮಾಲೂರಿನಲ್ಲಿ ಬೆಳಗಿನ ಬಸ್ ಹತ್ತಿದೆ. ಹೆಂಗಸಾದ್ದರಿಂದ ಟಿಕೆಟ್ಟಿಗೆ ದುಡ್ಡಿಲ್ಲ, ಕೂರೋಕೆ ಸೀಟೂ ಇಲ್ಲ. ಕೋಲಾರದವರೆಗೆ ನಿಂತೇ ಹೋದೆ. ಅಲ್ಲಿ ಇಡ್ಲಿ ತಿಂದು ಬಸ್ ಬದಲಿಸಿದೆ. ಬಿಸಿಲು ಆಗಲೇ ಏರಿತ್ತು. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳೆಲ್ಲ ಧೂಳು ಹಿಡಿದಿದ್ದವು. ನಾನು ಹೊರಟದ್ದು ಆ ಕಡೆಯ ಒಂದು ಊರಿಗೆ. ಹೆಸರು ಬರೆಯಲ್ಲ, ವಕೀಲರ ಜೊತೆ ಜಗಳ ಯಾರಿಗೆ ಬೇಕು?

ಅಲ್ಲಿರುವುದು ಬ್ರಿಟಿಷ್ ಕಮಿಷನರುಗಳ ಕಾಲದ ಮುನ್ಸೀಫ್ ಕೋರ್ಟು. ದಪ್ಪ ಕಲ್ಲಿನ ಗೋಡೆ, ಸುಣ್ಣದ ಗಾರೆ, ತೇಗದ ಜಂತಿ, ಮುಂದೆ ಕಮಾನುಗಳ ಜಗಲಿ. ಅಪ್ಪ ಅಲ್ಲಿ ಜವಾನರಾಗಿದ್ದರು. ಕಕ್ಷಿದಾರರ ಹೆಸರನ್ನು ಜಗಲಿಯಿಂದ ಮೂರು ಸಲ ಕೂಗುತ್ತಿದ್ದರು, ಮೂರನೆಯದನ್ನು ತೆಲುಗಿನಲ್ಲಿ. ಆಗಲೂ ಯಾರೂ ಓಗೊಡದಿದ್ದರೆ ಕೇಸು ವಜಾ. ನಾನು ಆಡಿ ಬೆಳೆದದ್ದೇ ಆ ಜಗಲಿಯ ಮೇಲೆ.

ಈಗ ಅದನ್ನು ಕೆಡವೋಕೆ ಆರ್ಡರ್ ಆಗಿದೆ. ಬೆಂಗಳೂರಿನಲ್ಲಿ ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬರ ಹತ್ತಿರ ಗೋಗರೆದಿದ್ದೆ. ಕಟ್ಟಡ ಅಷ್ಟು ಹಳೆಯದು ಅನ್ನೋಕೆ ಬೇರೆ ದಾಖಲೆ ಸಿಕ್ಕಿರಲಿಲ್ಲ. ಬಾಗಿಲ ಮೇಲಿನ ಇಸವಿ ಕೆತ್ತಿದ ಕಲ್ಲಿನ ಫೋಟೋ ಇವತ್ತು ಸಂಜೆಯೊಳಗೆ ಕಳಿಸಿದರೆ ತಡೆ ಕೊಡಿಸ್ತೀನಿ ಅಂದಿದ್ದರು.

ಹೋಗಿ ನೋಡಿದರೆ ಮುಂಗೋಡೆ ತುಂಬ ಕೆಂಪು ಗ್ರಾನೈಟ್. ನನ್ನ ಜೊತೆ ಓದಿದ ವಕೀಲ ವೆಂಕಟರಮಣಪ್ಪ ಕಾಯುತ್ತ ನಿಂತಿದ್ದ. "ಗಾರೆ ಉದುರ್ತಿತ್ತು ಕಣೇ. ನಾವು ವಕೀಲರೇ ಸೇರಿ ಸಿಮೆಂಟ್ ಬಳಿಸಿ ಗ್ರಾನೈಟ್ ಕೂರಿಸಿದ್ವಿ. ಎಂಥಾ ಲುಕ್ ಬಂತು ಗೊತ್ತಾ?"

ಲುಕ್ಕಂತೆ! ಸಿಮೆಂಟು ಬಿದ್ದ ಮೇಲೆ ಸುಣ್ಣದ ಗೋಡೆ ಕುಡಿದ ನೀರು ಹೊರಗೆ ಬರೋಕೆ ದಾರಿಯೇ ಇರಲಿಲ್ಲ. ಒಳಗೆ ಗೋಡೆ ಉಬ್ಬಿ, ಜಂತಿಗಳ ತುದಿ ಕೊಳೆತಿದ್ದವು. ಕೆಡವೋ ಆರ್ಡರಿಗೆ ಮುಂಚೆ ಎಂಜಿನಿಯರು ಕಟ್ಟಡ ಅಪಾಯ ಅಂತ ಬರೆದದ್ದು ಅದನ್ನು ನೋಡಿಯೇ. ಇವನಿಗೆ ಬೈಯೋಕೂ ಮನಸ್ಸು ಬರಲಿಲ್ಲ, ಪ್ರೀತಿಯಿಂದಲೇ ಮಾಡಿಸಿದ್ದ.

"ಇಸವಿ ಕಲ್ಲೆಲ್ಲೋ?"

"ಗ್ರಾನೈಟ್ ಹಿಂದೇನೇ ಇರತ್ತೆ, ಎಲ್ಲಿಗೆ ಹೋಗತ್ತೆ?" ಅಂದು ಏಣಿ ತರಿಸಿ, ಹಾರೆ ಹಿಡಿದು ತಾನೇ ಹತ್ತಿದ. ಬಾಗಿಲ ಮೇಲಿನ ಗ್ರಾನೈಟ್ ಕಿತ್ತು ಬಂತು. ಕಲ್ಲೇನೋ ಇತ್ತು. ಸಿಮೆಂಟ್ ಹಿಡಿಯಲಿ ಅಂತ ಅದರ ಮೈತುಂಬ ಉಳಿಯಿಂದ ಕಚ್ಚು ಹಾಕಿದ್ದರು. ಒಂದು ಅಂಕೆಯೂ ಉಳಿದಿರಲಿಲ್ಲ.

"ನಾನೇ ಮುಂದೆ ನಿಂತು ಹಾಕಿಸಿದ್ದು ಕಣೇ," ಅಂದ, ಏಣಿಯಿಂದ ಇಳಿಯದೆ. ನನಗೆ ಅಳು ಬಂತು. ಇಬ್ಬರೂ ಟೀ ಕುಡಿಯದೆಯೇ ಬಸ್‌ಸ್ಟ್ಯಾಂಡಿಗೆ ನಡೆದೆವು.

ವಾಪಸ್ ಬರುವಾಗ ಕೋಲಾರ ದಾಟುವ ಹೊತ್ತಿಗೆ ಅಧಿಕಾರಿಯ ಫೋನ್ ಬಂತು. ಏನಂತ ಹೇಳಲಿ? ಎತ್ತಲಿಲ್ಲ. ಇನ್ನೊಂದು ಸಲ ಬಂತು. ಪಕ್ಕದ ಹೆಂಗಸು "ಎತ್ತಮ್ಮ" ಅಂದರು. ಮೂರನೇ ಸಲವೂ ಬಂದು, ಕೂಗಿ ಕೂಗಿ ನಿಂತಿತು. ಆಮೇಲೆ ಬರಲಿಲ್ಲ.