ರತ್ನ ಅಂದದ್ದು "ಅವ್ನು"

ನಾನು ಸುಳ್ಳು ಹೇಳಿದೆ. ರತ್ನ ಹೇಳದ ಮಾತನ್ನು ಹೇಳಿದಳೆಂದು, ಜಿಲ್ಲಾ ಕಚೇರಿಯ ಕೋಣೆಯಲ್ಲಿ, ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಇದನ್ನು ಬರೆಯುವಾಗಲೂ ಹೊರಗೆ ಕಾರಿನ ಸದ್ದಾದರೆ ಪೆನ್ನು ನಿಲ್ಲುತ್ತದೆ — ಆಂಜಿನಪ್ಪನೇ ಬಂದನೇನೋ ಎಂದು.

ದಿಬ್ಬೂರಹಳ್ಳಿ ಕಡೆಯ ಒಂದು ಪಂಚಾಯ್ತಿಯಲ್ಲಿ ನಾನು ಅಂಗವಿಕಲರ ಕೆಲಸ ನೋಡಿಕೊಳ್ಳುವ ಕಾರ್ಯಕರ್ತೆ. ನನ್ನದೂ ಪೋಲಿಯೊ ಕಾಲು. ಚಿಕ್ಕಂದಿನಲ್ಲಿ ಯಾರಾದರೂ ನನ್ನನ್ನು ಬಿಟ್ಟು ಅಮ್ಮನನ್ನು "ಏನಂತೆ ಇವ್ಳಿಗೆ, ಹಸಿವಾ?" ಎಂದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಹೋಗಿದ್ದು ಕಾಲು ತಾನೇ, ನಾಲಿಗೆ ಅಲ್ಲವಲ್ಲ! ಅಂಥ ನಾನು...

ರತ್ನಳಿಗೆ ಮೂವತ್ತು ದಾಟಿದೆ. ಬುದ್ಧಿ ಬೆಳೆದಿಲ್ಲ ಎಂದು ಊರವರು ಅನ್ನುತ್ತಾರೆ. ರೇಷ್ಮೆಹುಳುವಿಗೆ ಎಂಥ ಸೊಪ್ಪು ಹಾಕಬೇಕು, ಯಾರ ಮನೆಯಲ್ಲಿ ಕೂರಬೇಕು, ಯಾರ ಮನೆಗೆ ಹೋಗಬಾರದು — ಅವಳಿಗೆ ಎಲ್ಲ ಗೊತ್ತು. ಆಡುವ ಮಾತು ಮಾತ್ರ ಕಡಿಮೆ. ಬೇಕಾದರೆ "ಊಂ" ಎಂದು ತಲೆಯಾಡಿಸುತ್ತಾಳೆ. ಅವರ ಮನೆಯವರೆಲ್ಲ ತೆಲುಗಿನವರು. ಅಮ್ಮ ಒಬ್ಬರೇ ಮಂಡಿಕಲ್ ಕಡೆಯ ಕನ್ನಡದವರು. ರತ್ನಳ ಬಾಯಿಗೆ ಬಂದದ್ದು ಆ ಅಮ್ಮನ ಕನ್ನಡ ಮಾತ್ರ.

ಅಮ್ಮ ತೀರಿಕೊಂಡರು. ರತ್ನಳನ್ನು ನೋಡಿಕೊಳ್ಳಲು, ಅವಳ ಪರವಾಗಿ ಸಹಿ ಹಾಕಲು, ಕಾನೂನಿನ ಪ್ರಕಾರ ಒಬ್ಬ ಪಾಲಕರು ಬೇಕಾಯಿತು. ಮುರುಗಮಲ್ಲದಲ್ಲಿ ಹೂವಿನಂಗಡಿ ಇಟ್ಟಿರುವ ಚಿಕ್ಕಮ್ಮ ನಾನು ಆಗುತ್ತೇನೆ ಎಂದರು. ದೊಡ್ಡಪ್ಪನ ಮಗ ಆಂಜಿನಪ್ಪನೂ ಅರ್ಜಿ ಹಾಕಿದ. ಅವನು ನಮ್ಮ ಪಂಚಾಯ್ತಿ ಮೆಂಬರು. ತಿಥಿ ಮುಗಿದ ಮೇಲೊಂದು ದಿನ ರತ್ನ ರವಿಕೆಯ ತೋಳು ಸರಿಸಿ, ಕಪ್ಪುಗಟ್ಟಿದ ಜಾಗ ನನಗೆ ತೋರಿಸಿ, "ಅವ್ನು" ಅಂದಿದ್ದಳು. ಆಂಜಿನಪ್ಪನ ಹೆಸರನ್ನು ಅವಳು ಹೇಳುವುದೇ ಇಲ್ಲ. ಅವಳಿಗೆ ಅವನು ಯಾವಾಗಲೂ "ಅವ್ನು".

ಪಾಲಕರು ಯಾರೆಂದು ತೀರ್ಮಾನಿಸುವ ಜಿಲ್ಲಾ ಸಮಿತಿಯ ಮುಂದೆ ಅವಳನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೋದದ್ದು ಅವನ ಕಾರಿನಲ್ಲೇ. ದಾರಿಯಲ್ಲಿ ಹಿಂದೆ ತಿರುಗದೆ ಹೇಳಿದ: "ಅಕ್ಕಾ, ನಿಮ್ ಕೆಲ್ಸ ಇರೋದು ಹೋಗೋದು ಪಂಚಾಯ್ತಿ ಕೈಲೈತೆ ಅಲ್ವಾ? ಸ್ವಲ್ಪ ನೋಡ್ಕೊಂಡು ಮಾತಾಡಿ." ನಗುತ್ತಲೇ ಹೇಳಿದ.

ಸಮಿತಿಯ ಅಧಿಕಾರಿ ಕಾರವಾರದ ಕಡೆಯವರು, ತೆಲುಗು ಬಾರದು; ಒಳ್ಳೆಯವರು. ಮೇಜು ಬಿಟ್ಟು ಎದ್ದು ಬಂದು ರತ್ನಳ ಪಕ್ಕದಲ್ಲೇ ಕುಳಿತರು. "ಅಣ್ಣನ ಮನೇಲಿ ಇರ್ತೀಯೇನಮ್ಮ?" ಆಂಜಿನಪ್ಪ ಬಾಗಿಲ ಹತ್ತಿರ ನಿಂತಿದ್ದ. ಅವನನ್ನು ಹೊರಗೆ ಕಳಿಸಿ ಎನ್ನಬೇಕಿತ್ತು — ಅದೂ ನನ್ನ ಕೆಲಸವೇ. ಎನ್ನಲಿಲ್ಲ. ರತ್ನ ಉಗುರು ಊರುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದಳು.

"ಅವ್ನು... ಅವ್ನು..."

"ಏನು ಹೇಳ್ತಾ ಇದಾಳೆ?"

"ಮನೇಲಿ ತೆಲುಗು ಸಾರ್. ಔನು ಅಂತಿದಾಳೆ. ತೆಲುಗಲ್ಲಿ ಔನು ಅಂದ್ರೆ ಹೌದು ಅಂತ."

ಎರಡು ಭಾಷೆ ಬಲ್ಲ ನಮ್ಮ ಸೀಮೆಯವರಿಗೆ ಹೀಗೆ ಮಾತು ತಿರುಚುವುದು ಎಷ್ಟು ಸಲೀಸು! ಕೇಳಿಸಿಕೊಂಡದ್ದೇ ತಪ್ಪಾಯಿತೇನೋ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಇಲ್ಲ — ಸರಿಯಾಗಿಯೇ ಕೇಳಿಸಿತ್ತು. ಅಧಿಕಾರಿ ಸಮಾಧಾನದಿಂದ ತಲೆಯಾಡಿಸಿದರು. ರತ್ನಳೂ ಸಮಾಧಾನದಿಂದ ನನ್ನ ಮುಖ ನೋಡಿದಳು. ಹೇಳಿಯಾಯಿತಲ್ಲ, ಇನ್ನು ಅಕ್ಕ ನೋಡಿಕೊಳ್ಳುತ್ತಾಳೆ ಎಂದುಕೊಂಡಳೇನೋ... ಆ ನೋಟ ನೆನೆದರೆ ಇವತ್ತಿಗೂ ಅನ್ನ ಇಳಿಯುವುದಿಲ್ಲ.

ಆಂಜಿನಪ್ಪ ಪಾಲಕನಾದ, ರತ್ನ ಅವನ ಮನೆ ಸೇರಿದಳು, ನನ್ನ ಕೆಲಸ ಉಳಿಯಿತು. ಆ ಮನೆಗೆ ಭೇಟಿಗೆ ಹೋದಾಗಲೆಲ್ಲ ಅಂಗಳದಿಂದಲೇ "ಚೆನ್ನಾಗವ್ಳೆ ಬಿಡಕ್ಕ" ಎನ್ನುತ್ತಿದ್ದರು. ನಾನು ಒಳಗೆ ಹೋಗುತ್ತಿರಲಿಲ್ಲ. ಒಳಗೆ ಏನನ್ನು ನೋಡಬೇಕಾಗುತ್ತದೋ ಎಂಬ ಹೆದರಿಕೆ. ಹೀಗೇ ವರ್ಷಗಳು ಹೋದವು. ಕಳೆದ ವಾರ ಹುಳು ಸಾಕುವ ಮನೆಯ ಬಾಗಿಲು ತೆರೆದಿತ್ತು. ರತ್ನ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದಳು, ಸೊರಗಿ ಅರ್ಧವಾಗಿದ್ದಳು. "ರತ್ನಾ" ಎಂದೆ. ಬುಟ್ಟಿ ಕೈಬಿಟ್ಟಳು. ಗೋಡೆಗೆ ಒತ್ತಿಕೊಂಡು, ಪಕ್ಕದ ಕೂಲಿ ಹೆಂಗಸಿಗೆ ನನ್ನನ್ನು ತೋರಿಸಿ "ಅವ್ಳು" ಅಂದಳು. ಅದೇ ದನಿ. ನನ್ನ ಹೆಸರನ್ನೂ ಅವಳು ಬಿಟ್ಟುಬಿಟ್ಟಿದ್ದಾಳೆ.

ಇವತ್ತು ಚಿಕ್ಕಬಳ್ಳಾಪುರಕ್ಕೆ ಹೋಗಿ, ಆ ಅಧಿಕಾರಿಯ ಜಾಗದಲ್ಲಿ ಈಗಿರುವ ಮೇಡಂಗೆ ಎಲ್ಲ ಹೇಳಿಬಿಟ್ಟೆ. ಅವನಿಗೆ ನೋಟೀಸು ಹೋಗುವ ಮೊದಲು ಅವಳನ್ನು ಆ ಮನೆಯಿಂದ ಕರೆತನ್ನಿ ಎಂದು ಬೇಡಿಕೊಂಡೆ. ನಾಳೆ ಬೆಳಿಗ್ಗೆ ಪೊಲೀಸರ ಜೊತೆ ಹೋಗುತ್ತಾರಂತೆ. ಅಷ್ಟರೊಳಗೆ ಅವನಿಗೆ ಸುಳಿವು ಸಿಕ್ಕರೆ? ನನ್ನನ್ನು ಏನು ಮಾಡುತ್ತಾನೋ — ಅದಿರಲಿ, ಅವಳನ್ನು ಏನು ಮಾಡುತ್ತಾನೋ...

"ಅವ್ಳನ್ನ ಮತ್ತೆ ಕೇಳ್ಬೇಕಲ್ಲ," ಎಂದರು ಮೇಡಂ. "ಅವ್ಳ ಮಾತು ನಿಮಗೇ ತಿಳಿಯೋದು. ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ."

"ಬೇಡ ಮೇಡಂ," ಎಂದೆ. "ಅವ್ಳ ಮಾತು ಕಲಿಯೋಷ್ಟು ತಾಳ್ಮೆ ಇರೋರು ಬೇರೆ ಯಾರಾದ್ರೂ ಕೂತ್ಕೊಳ್ಳಲಿ. ಆಂಜಿನಪ್ಪನ್ನ ಹೊರಗೆ ನಿಲ್ಸಿ. ನನ್ನನ್ನೂ ಹೊರಗೆ ನಿಲ್ಸಿ."