ಕಹಿ ಎಣ್ಣೆಯ ಮೇಲೊಂದು ಹೋಳು ಕೊಬ್ಬರಿ

ಕಿಬ್ಬನಹಳ್ಳಿಯ ರಾಜಣ್ಣನ ಕೊಬ್ಬರಿ ಶೆಡ್ಡಿನಲ್ಲಿ ಪುಟ್ಟಗಂಗಮ್ಮನ ಜಾಗ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲ ಬೆಳಕು ನೇರ ಕೈಮೇಲೆ ಬೀಳುವ ಕಡೆ ಒಂದು ಮಡಿಸಿದ ಗೋಣಿಚೀಲ ಹಾಸಿರುತ್ತದೆ. ಮೂವತ್ತು ವರ್ಷದಿಂದ ಅವಳು ಕೂರುವುದು ಅಲ್ಲೇ. ವರ್ಷದ ಮೇಲ್ಪಟ್ಟು ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಲೊಡಲೊಡ ಅನ್ನುವ ಕಾಯನ್ನು ಎಡಗೈಯಲ್ಲಿ ಹಿಡಿದು, ಮಚ್ಚಿನಿಂದ ಕರಟಕ್ಕೆ ಸುತ್ತಲೂ ಏಟು ಹಾಕಿ, ಒಳಗಿನ ಗಿಟುಕನ್ನು, ಅಂದರೆ ಉಂಡೆ ಕೊಬ್ಬರಿಯನ್ನು, ಗೀರಿಲ್ಲದೆ ಇಡಿಯಾಗಿ ಹೊರತೆಗೆಯುವುದು ಅವಳ ಕೆಲಸ. ಗೀರು ಬಿದ್ದರೆ ಅದು ಹೋಳಿನ ರಾಶಿಗೆ. ಅವಳ ಕೈಯಿಂದ ಹೋಳಿನ ರಾಶಿಗೆ ವಾರಕ್ಕೊಂದು ಹೋದರೆ ಹೆಚ್ಚು. ಹೊಸಬರು ಕೆಲಸ ಕಲಿಯಲು ಬಂದರೆ ರಾಜಣ್ಣ ಏನೂ ಹೇಳಿಕೊಡುತ್ತಿರಲಿಲ್ಲ. "ಗಂಗವ್ವನ ಎದುರಿಗೆ ಕೂತ್ಕೊಂಡು ನೋಡಿ" ಅನ್ನುತ್ತಿದ್ದ, ಅಷ್ಟೇ.

ಹೋದ ಚಳಿಗಾಲದಲ್ಲಿ ಅವಳ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ತಿಪಟೂರಿನಲ್ಲಿ ಬಟ್ಟೆ ಹೊಲಿಯುವ ಮಗಳು ಮಂಗಳಾ ಬಿಡದೆ ಆಯುರ್ವೇದದ ಡಾಕ್ಟರು ಸುಷ್ಮಿತಾ ಅವರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಹೆಬ್ಬೆರಳುದ್ದದ ಸೀಸೆಯೊಂದನ್ನು ಕೊಟ್ಟರು.

"ವಿಜಯಾ ಎಣ್ಣೆ ಅಂತ ಅಜ್ಜಿ. ಭಂಗಿ ಸೊಪ್ಪಿನ ಸಾರ, ಎಣ್ಣೇಲಿ ಬೆರೆಸಿರೋದು. ದಿನಾ ಬೆಳಿಗ್ಗೆ ಆರು ಹನಿ."

"ಭಂಗಿನಾ? ಅಯ್ಯೋ, ಈ ವಯಸ್ನಲ್ಲಿ ನನ್ನ ಬೈರಾಗಿ ಮಾಡ್ತೀರೇನವ್ವಾ?"

ಡಾಕ್ಟರು ನಕ್ಕರು. "ಅಮಲು ಬರೋ ಅಂಶ ಇದ್ರಲ್ಲಿ ತುಂಬಾ ಕಮ್ಮಿ. ಆದ್ರೆ ನೋವಿಗೆ ಎಲ್ಲರಿಗೂ ಕೆಲಸ ಮಾಡುತ್ತೆ ಅಂತ ನಾನು ಹೇಳಲ್ಲ. ಅಷ್ಟು ಗಟ್ಟಿಯಾಗಿ ಇನ್ನೂ ಯಾರಿಗೂ ಗೊತ್ತಿಲ್ಲ. ಎರಡು ತಿಂಗಳು ನೋಡೋಣ."

ಪುಟ್ಟಗಂಗಮ್ಮ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಹಾಲಿನ ವ್ಯಾನು ಹೋದ ಮೇಲೆ ಆರು ಹನಿ. ಏಳಾಗಲಿಲ್ಲ, ಐದಾಗಲಿಲ್ಲ. ಆದರೆ ಎಣ್ಣೆ ವಿಪರೀತ ಕಹಿ, ಗಂಟಲು ಕೆರೆಯುತ್ತಿತ್ತು. ಆ ಸೀಮೆಯಲ್ಲಿ ಬಾಯಿ ಕಹಿಯಾದರೆ ಮಗುವಿಗಾಗಲಿ ಮುದುಕರಿಗಾಗಲಿ ಕೊಡುವುದು ಒಂದೇ, ಒಂದು ಹೋಳು ಕೊಬ್ಬರಿ, ಒಂದು ಚೂರು ಬೆಲ್ಲ. ಅವಳೂ ಅದನ್ನೇ ಬಾಯಿಗೆ ಹಾಕಿಕೊಂಡಳು. ಒಂದು ಹೋಳು ಎರಡಾಯಿತು, ಎರಡು ಒಂದು ಹಿಡಿಯಾಯಿತು. ಕೊಬ್ಬರಿಯನ್ನು ಯಾರು ಊಟ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ?

ಮೂರನೇ ವಾರ, ಒಂದು ಗುರುವಾರ, ಒಂದೇ ಬೆಳಿಗ್ಗೆ ಅವಳ ಕೈಯಲ್ಲಿ ನಾಲ್ಕು ಗಿಟುಕು ಸೀಳಿಹೋದವು. ಐದನೆಯದಕ್ಕೆ ಎತ್ತಿದ ಮಚ್ಚು ಜಾರಿ ಎಡಗೈ ಹೆಬ್ಬೆರಳಿಗೆ ತಾಗಿತು. ಪಕ್ಕದಲ್ಲಿ ಕೂತಿದ್ದ ಫಾಮಿದಾ ತನ್ನ ಸೆರಗು ಹರಿದು ಕಟ್ಟಿದಳು.

"ನೀನು ಕೂತಲ್ಲೇ ತೂಕಡಿಸ್ತಿದ್ದೆ ಕಣವ್ವಾ. ನಾನು ಎರಡು ಸಲ ಕೂಗ್ದೆ. ಭಂಗಿ ಜಾಸ್ತಿ ಆಯ್ತಾ?"

"ಸುಮ್ನಿರೇ. ಆರೇ ಹನಿ ಕುಡ್ದಿದ್ದು."

ರಾಜಣ್ಣ ಬಂದು ಹೆಬ್ಬೆರಳನ್ನೂ ನೋಡಿದ, ಸೀಳಿದ ಗಿಟುಕನ್ನೂ ನೋಡಿದ. ಗದರಲಿಲ್ಲ. ಗದರಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

"ಸಾಕು ಬುಡು ಗಂಗವ್ವ. ವಯಸ್ಸಾಯ್ತು. ನಾಳೆಯಿಂದ ಆ ಕಡೆ ಕೂತು ಗಿಟುಕು ಆರಿಸ್ಕೊಡು. ಮಚ್ಚು ಬೇಡ."

"ವಯಸ್ಸು ಬುಧವಾರ ಇರ್ಲಿಲ್ವೇನಪ್ಪಾ, ಗುರುವಾರ ಬಂತಾ?" ಅಂದಳು ಅವಳು. ಆಮೇಲೆ ದನಿ ತಗ್ಗಿಸಿ, "ಹದಿನೈದು ದಿನ ಆರಿಸ್ತೀನಿ. ನನ್ನ ಗೋಣಿಚೀಲ ಅಲ್ಲೇ ಇರ್ಲಿ, ಯಾರನ್ನೂ ಕೂರಿಸ್ಬೇಡ. ಹದಿನೈದು ದಿನಕ್ಕೆ ಇದು ಯಾಕೆ ಅಂತ ಗೊತ್ತಾಗದಿದ್ರೆ ನಾನೇ ಮಚ್ಚು ತಂದು ನಿನ್ನ ಕೈಗೆ ಕೊಡ್ತೀನಿ."

ರಾಜಣ್ಣ ತಲೆಯಾಡಿಸಿದ.

ಮನೆಗೆ ಬಂದು ಯೋಚಿಸಿದಳು. ಮಂಪರು ದಿನಾ ಬರುತ್ತಿರಲಿಲ್ಲ. ಸೋಮವಾರ ಬಂದಿರಲಿಲ್ಲ. ಹಿಂದಿನ ಸೋಮವಾರವೂ ಇಲ್ಲ. ಸೋಮವಾರ ಅವಳಿಗೆ ಒಪ್ಪತ್ತು. ಹೊತ್ತು ಮುಳುಗುವವರೆಗೆ ನೀರು ಬಿಟ್ಟರೆ ಬೇರೇನಿಲ್ಲ. ಹನಿ ಮಾತ್ರ ಔಷಧಿ ಅಂತ ತಗೊಂಡಿದ್ದಳು, ಕಹಿಯನ್ನು ಹಾಗೇ ನುಂಗಿದ್ದಳು.

ಅವಳಿಗೆ ಬರೆಯಲು ಬರುವುದು ತನ್ನ ಹೆಸರೊಂದೇ. ಅಡುಗೆಮನೆ ಗೋಡೆಗೆ ಇದ್ದಲಿನಿಂದ ದಿನಕ್ಕೊಂದು ಗೆರೆ ಎಳೆದಳು. ಕೊಬ್ಬರಿ ತಿಂದ ದಿನ ಗೆರೆಯ ತಲೆಗೆ ಒಂದು ಸೊನ್ನೆ. ಮಂಪರು ಬಂದರೆ ಕಾಲಿಗೆ ಒಂದು ಅಡ್ಡಗೀಟು. ಕೈನೋವಿಗೆ ಪಕ್ಕದಲ್ಲಿ ಸುಣ್ಣದ ಚುಕ್ಕಿ, ನೋವಿದ್ದಷ್ಟು ದೊಡ್ಡದು. ಒಂದು ದಿನ ಹನಿಯ ಮೇಲೆ ಹಿಡಿ ಕೊಬ್ಬರಿ, ಮಾರನೇ ದಿನ ಹನಿಯ ಮೇಲೆ ಬರೀ ಒಣ ರೊಟ್ಟಿ, ಉಪ್ಪು, ಹಸಿಮೆಣಸಿನಕಾಯಿ. ಹನಿ ಯಾವಾಗಲೂ ಆರೇ, ಹೊತ್ತು ಅದೇ ಹಾಲಿನ ವ್ಯಾನು.

ಒಂದು ವಾರಕ್ಕೆ ಗೋಡೆ ಮಾತಾಡತೊಡಗಿತು. ಸೊನ್ನೆ ಇದ್ದ ಗೆರೆಗೆಲ್ಲ ಕಾಲಲ್ಲಿ ಅಡ್ಡಗೀಟು ಇತ್ತು. ಸೊನ್ನೆ ಇಲ್ಲದ್ದಕ್ಕೆ ಇಲ್ಲ. ಆದರೂ ಅವಳಿಗೆ ಒಂದು ಅನುಮಾನ ಉಳಿಯಿತು. ಸೋಮವಾರ ಕಾಪಾಡಿದ್ದು ಶಿವನೋ, ಖಾಲಿ ಹೊಟ್ಟೆಯೋ? ಎರಡನೇ ಸೋಮವಾರ ದೇವರ ಪಟಕ್ಕೆ ಕೈಮುಗಿದು, ತಪ್ಪಾಯ್ತು ಅಂತ ಗಲ್ಲ ಬಡಿದುಕೊಂಡು, ಹನಿಯ ಮೇಲೆ ಹಿಡಿ ಕೊಬ್ಬರಿ ತಿಂದಳು. ಹನ್ನೊಂದು ಗಂಟೆಗೆಲ್ಲ ಆರಿಸುವ ಗಿಟುಕಿನ ರಾಶಿಗೆ ಒರಗಿ ಕಣ್ಣುಮುಚ್ಚಿದ್ದಳು.

"ಅವ್ವಾ, ಇವತ್ತು ಸೋಮವಾರ ಅಲ್ವಾ? ಕೊಬ್ಬರಿ ತಿಂದು ಬಂದೆ ಅಂತಿದ್ದೆ, ವ್ರತಾನೂ ಕೆಟ್ಟೋಯ್ತಾ?" ಫಾಮಿದಾ ಅಲುಗಾಡಿಸಿ ಕೇಳಿದಳು.

"ಕೆಟ್ಟಿದ್ದೇ ಒಳ್ಳೇದಾಯ್ತು ಕಣೇ" ಅಂದಳು ಪುಟ್ಟಗಂಗಮ್ಮ, ಕಣ್ಣು ತೆರೆಯದೆ.

ಗೋಡೆಯನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲವಲ್ಲ. ರಟ್ಟಿನ ಮೇಲೆ ಗೆರೆಗಳನ್ನು ಹಾಗಹಾಗೇ ಇಳಿಸಿಕೊಂಡು, ಮಂಗಳಾಳ ಜೊತೆ ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟಳು. ಸೊನ್ನೆ ಅಂದರೇನು, ಅಡ್ಡಗೀಟು ಅಂದರೇನು ಅಂತ ಅವಳು ಹೇಳುತ್ತಾ ಹೋದಂತೆ ಡಾಕ್ಟರು ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ನೋಡಿದರು.

"ತಪ್ಪು ನನ್ನದು ಅಜ್ಜಿ. ಯಾವುದರ ಜೊತೆ ತಗೊಳ್ತೀರಾ ಅಂತ ನಾನೇ ಕೇಳಬೇಕಿತ್ತು. ಈ ಸೊಪ್ಪಿನ ಸಾರ ನೀರಲ್ಲಿ ಕರಗಲ್ಲ, ಜಿಡ್ಡಲ್ಲೇ ಕರಗೋದು. ಬರೀ ಹೊಟ್ಟೇಲಿ ನುಂಗಿದ್ರೆ ಮೈಗೆ ಸೇರೋದು ಒಂಚೂರು. ಜಿಡ್ಡಿನ ಊಟದ ಜೊತೆ ಹೋದ್ರೆ ಅದರ ಮೂರು ನಾಲ್ಕು ಪಟ್ಟು ರಕ್ತಕ್ಕೆ ಸೇರಬಹುದು."

"ಸೀಸೇಲಿರೋದೂ ಕೊಬ್ಬರಿ ಎಣ್ಣೇನೇ ಅಲ್ವಾ? ವಾಸನೆ ತೆಗೆದಿದ್ದಾರೆ, ಆದ್ರೂ ಬೆರಳಿಗೆ ಹಚ್ಚಿದ್ರೆ ನಂಗೆ ಗೊತ್ತಾಯ್ತದೆ."

"ಹೌದು, ಕೊಬ್ಬರಿ ಎಣ್ಣೇಲೇ ಒಂದು ಭಾಗ ಬೇರೆ ಮಾಡಿರೋದು. ಆದ್ರೆ ಆರು ಹನೀಲಿ ಎಷ್ಟು ಜಿಡ್ಡಿರುತ್ತೆ? ನೀವು ತಿಂದಿದ್ದು ಹಿಡಿ ಕೊಬ್ಬರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೇನೇ." ಅವರ ಬೆರಳು ಸುಣ್ಣದ ಚುಕ್ಕಿಗಳ ಮೇಲೆ ನಿಂತಿತು. "ಇದೇನು?"

"ಕೈನೋವು."

ಚುಕ್ಕಿಗಳೆಲ್ಲ ಒಂದೇ ಗಾತ್ರದವು. ಸೊನ್ನೆ ಇದ್ದ ದಿನವೂ ಅಷ್ಟೇ, ಇಲ್ಲದ ದಿನವೂ ಅಷ್ಟೇ.

"ನಿದ್ದೆ ಬಂತು, ನೋವು ಹೋಗ್ಲಿಲ್ಲ ಕಣವ್ವಾ" ಅಂದಳು ಪುಟ್ಟಗಂಗಮ್ಮ, ಡಾಕ್ಟರಿಗೆ ಬೇಜಾರಾಗದ ಹಾಗೆ ಮೆಲ್ಲಗೆ.

"ಸಾಯಂಕಾಲ ಕೆಲಸ ಮುಗಿದ ಮೇಲೆ, ದಿನಾ ಒಂದೇ ಥರದ ಊಟದ ಜೊತೆ ತಗೊಂಡು ನೋಡಬಹುದು..."

"ಒಂದಿನ ಮದುವೆ ಊಟ, ಒಂದಿನ ಒಪ್ಪತ್ತು. ನನ್ನ ಹೊಟ್ಟೆ ಒಂದೇ ಅಳತೇಲಿ ಇರಲ್ಲ. ನಾನು ಹನಿ ಮಾತ್ರ ಎಣಿಸ್ತಾ ಕೂತಿದ್ದೆ. ಬೇಡ ಬುಡಿ. ನೋವಿದ್ರೆ ಕೈ ಎಲ್ಲಿದೆ ಅಂತನಾದ್ರೂ ಗೊತ್ತಿರ್ತದೆ."

ಡಾಕ್ಟರು ಮಣಿಕಟ್ಟಿಗೆ ಪಟ್ಟಿ ಕಟ್ಟುವುದನ್ನು ತೋರಿಸಿ, ಹಗುರ ಮಚ್ಚು ಹಿಡಿಯಬೇಕು, ಗಂಟೆಗೊಮ್ಮೆ ಕೈಗೆ ಬಿಡುವು ಕೊಡಬೇಕು ಎಂದರು. ರಟ್ಟನ್ನು ಮಾತ್ರ ತಾವೇ ಇಟ್ಟುಕೊಂಡರು. "ಇನ್ನೊಬ್ಬರಿಗೆ ಸೀಸೆ ಕೊಡೋ ಮುಂಚೆ ಇದನ್ನ ನೋಡ್ಕೋತೀನಿ."

ಹದಿನೈದನೇ ದಿನ ಅವಳು ಹೇಳಿದ್ದನ್ನೆಲ್ಲ ಕೇಳಿದ ರಾಜಣ್ಣ ಅರಳಗುಪ್ಪೆಯಿಂದ ಬಂದ ರಾಶಿಯಿಂದ ಒಂದು ಕಾಯಿ ಆರಿಸಿ ಅವಳ ಕೈಗೆ ಕೊಟ್ಟ. ಕರಟ ಗಿಟುಕಿಗೆ ಕಚ್ಚಿಕೊಂಡಿದ್ದ ಕಾಯಿ, ಅವನು ಬೇಕೆಂದೇ ಹುಡುಕಿದ್ದು. ಅಕ್ಕಪಕ್ಕದ ಮಚ್ಚುಗಳ ಸದ್ದು ನಿಂತಿತು. ಪುಟ್ಟಗಂಗಮ್ಮ ಗೋಣಿಚೀಲದ ಮೇಲೆ ಕೂತು, ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸುತ್ತಲೂ ಸಣ್ಣ ಸಣ್ಣ ಏಟು ಹಾಕಿದಳು. ಪ್ರತಿ ಏಟಿಗೂ ಮಣಿಕಟ್ಟು ಚುಳ್ ಅನ್ನುತ್ತಿತ್ತು. ಕರಟ ಎರಡು ಹೋಳಾಗಿ ಬಿದ್ದು ಗಿಟುಕು ಮಡಿಲಿಗೆ ಉರುಳಿತು.

ರಾಜಣ್ಣ ಅದನ್ನು ಎತ್ತಿ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದ. ಗೀರಿಲ್ಲದ ಗಿಟುಕಿನ ರಾಶಿಗೆ ಹಾಕಿ, ಪಕ್ಕದ ಮೂಟೆಯ ಬಾಯಿ ಬಿಚ್ಚಿ ಅವಳ ಮುಂದೆ ಸುರಿದು ಹೋದ.

ಫಾಮಿದಾ ಹೋಳಿನ ರಾಶಿಯಿಂದ ಒಂದು ಚೂರು ಎತ್ತಿ ತೋರಿಸಿದಳು. "ಕೊಬ್ಬರಿ ಬೇಕೇನವ್ವಾ, ಭಯಾನಾ?"

"ಕೊಡೇ ಇತ್ಲಾಗೆ. ಅದೇನು ತಪ್ಪು ಮಾಡಿತ್ತು, ಪಾಪ" ಅಂದು ಪುಟ್ಟಗಂಗಮ್ಮ ಅದನ್ನು ದವಡೆಗೆ ಒತ್ತಿಕೊಂಡು ಮುಂದಿನ ಕಾಯಿ ಎತ್ತಿಕೊಂಡಳು.