ಪೆದ್ದಮ್ಮ ಮೂರನೆಯ ಜಾಗಕ್ಕಿಟ್ಟ ಚಿತ್ರ

ಪೆದ್ದಮ್ಮನ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ಕಾಲುವೆ ಇತ್ತು. ಚಿಕ್ಕಂದಿನಿಂದ ರಾಟೆಯ ಮುಂದೆ ಕೂತು ರೇಷ್ಮೆ ಸುತ್ತಿ ಸುತ್ತಿ, ಎಳೆ ಹಾದುಹೋಗುವ ಕಡೆ ಚರ್ಮ ಕುಳಿಬಿದ್ದು ಗಟ್ಟಿಯಾಗಿತ್ತು. ಯಾವುದರ ಮೇಲಾದರೂ ಅನುಮಾನ ಬಂದರೆ, ಅಂದರೆ ಹೆಚ್ಚುಕಡಿಮೆ ಎಲ್ಲದರ ಮೇಲೂ, ಆ ಬೆರಳನ್ನು ಅದರ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಹೊಸ ಪಾತ್ರೆ, ಬಳೆಗಾರನ ಬಳೆ, ಬೀಗರ ಮನೆಯಿಂದ ಬಂದ ಸೀರೆ, ಯಾವುದನ್ನೂ ಬಿಟ್ಟವರಲ್ಲ. ನನಗೆ ಮೀಸೆ ಚಿಗುರಿದಾಗ ಅದರ ಮೇಲೂ ಬೆರಳೆಳೆದು, "ನಿಂದೇನಾ ಇದು?" ಅಂದಿದ್ದರು.

ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯಲ್ಲಿ ನಮ್ಮ ಮನೆಗೆ ಗೋಡೆ ಹಂಚಿಕೊಂಡಿದ್ದ ಮನೆ ಅವರದು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ನಮ್ಮ ಮನೆಮಾತು ತೆಲುಗು. ಹಾಗಾಗಿ ದೊಡ್ಡಮ್ಮ ಎನ್ನುವ ಬದಲು ಬೀದಿಗೆ ಬೀದಿಯೇ ಅವರನ್ನು ಪೆದ್ದಮ್ಮ ಎನ್ನುತ್ತಿತ್ತು. ಯಾರಾದರೂ ಊರಿಂದ ಸುದ್ದಿ ತಂದರೆ ಪೆದ್ದಮ್ಮ ಮೊದಲು ಕೇಳುತ್ತಿದ್ದುದು ಒಂದೇ: "ನೀನು ಕಂಡೆಯಾ, ಯಾರಾದ್ರೂ ಹೇಳಿದ್ರಾ?" ಹೇಳಿದ್ದು ಅಂದರೆ ಅಲ್ಲಿಗೆ ಅವರ ಮುಖ ರಾಟೆಯ ಕಡೆ ತಿರುಗುತ್ತಿತ್ತು. ಅವರನ್ನು ಕಂಡರೆ ನನಗೆ ಪ್ರೀತಿ, ಜೊತೆಗೆ ಸ್ವಲ್ಪ ಭಯ. ಅವರ ಪಕ್ಕದಲ್ಲೇ ಬೆಳೆದವನಾದ್ದರಿಂದ ಆ ಗುಣ ನನಗೂ ಅಂಟಿದೆ. ಈಗಲೂ ಯಾರಾದರೂ ಬಹಳ ನಯವಾಗಿ ಮಾತಾಡಿದರೆ ನಾನು ಎದ್ದು ಬಾಗಿಲ ಹತ್ತಿರ ಹೋಗಿ ಕೂರುತ್ತೇನೆ.

ನಮ್ಮೂರಿಗೆ ಬಯಸ್ಕೋಪಿನ ಡೇರೆ ಬಂದ ವರ್ಷ ನನಗೆ ಇಪ್ಪತ್ತರ ಆಸುಪಾಸು. ಮಗ್ಗಕ್ಕೆ ಕೂತು ಆಗಲೇ ನಾಲ್ಕಾರು ವರ್ಷವಾಗಿತ್ತು. ಡೇರೆಯವನು ತಮಟೆ ಹೊಡೆಸಿಕೊಂಡು ಬೀದಿಬೀದಿ ಸುತ್ತಿ, ಇದು ಬೊಂಬಾಯಿಯಲ್ಲಿ ಚಿನ್ನದ ಪದಕ ಗೆದ್ದ ಚಿತ್ರ ಎಂದು ಸಾರಿದ. ಪೆದ್ದಮ್ಮ ಹೊರಗೆ ಬಂದು ಅವನನ್ನು ನಿಲ್ಲಿಸಿದರು.

"ಪದಕ ತಂದಿದೀಯಾ? ತೋರ್ಸು."

"ಅದು ಬೊಂಬಾಯಿನಾಗೆ ಐತೆ ಕಣಮ್ಮ."

"ಯಾರು ಕೊಟ್ಟಿದ್ದು?"

"ದೊಡ್ಡ ದೊಡ್ಡೋರು."

ವಾರ ಕಳೆದು ಹೊಸ ಚಿತ್ರ ಬಂತು. ಅದಕ್ಕೂ ಚಿನ್ನದ ಪದಕ. ಮೂರನೆಯದಕ್ಕೂ ಅಷ್ಟೇ. "ಸೋತ ಚಿತ್ರ ಒಂದಾದ್ರೂ ತಾರಪ್ಪ, ನೋಡೋಣ," ಎಂದು ಪೆದ್ದಮ್ಮ ಅವನನ್ನು ಬೀದಿಯ ಉದ್ದಕ್ಕೂ ಕೆಣಕಿದರು. ಆದರೆ ಒಂದೂ ಆಟ ಬಿಡಲಿಲ್ಲ. ಹೆಂಗಸರ ಕಡೆ ಹಗ್ಗ ಕಟ್ಟಿದ್ದ ಜಾಗದಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದರು. ಮೊದಲ ದಿನ ಆಟ ಮುಗಿದ ಮೇಲೆ ಪರದೆಯ ಹತ್ತಿರ ಹೋಗಿ ಅದರ ಮೇಲೂ ಬೆರಳೆಳೆದು ಬಂದರು.

ಆಗಿನ ಚಿತ್ರಗಳಿಗೆ ಮಾತಿರಲಿಲ್ಲ. ನಡುನಡುವೆ ಬರುತ್ತಿದ್ದ ಅಕ್ಷರಗಳನ್ನು ಓದಬಲ್ಲವರು ನಮ್ಮಲ್ಲಿರಲಿಲ್ಲ. ಪರದೆಯ ಪಕ್ಕದಲ್ಲಿ ಒಬ್ಬ ಬೆತ್ತ ಹಿಡಿದು ನಿಂತು ಕಥೆ ಹೇಳುತ್ತಿದ್ದ. ನಮ್ಮಲ್ಲಿ ತೆಲುಗಿನಲ್ಲಿ ಹೇಳಿದ. ಕನ್ನಡದ ಊರುಗಳಲ್ಲಿ ಕನ್ನಡದಲ್ಲಿ ಹೇಳುತ್ತಿದ್ದನಂತೆ. ಅವನು ಅಳು ಅಂದಾಗ ನಾವು ಅಳುತ್ತಿದ್ದೆವು.

ಪ್ರತಿ ಆಟದ ಮಾರನೆಯ ದಿನ ಸಂಜೆ ಬಾವಿಯ ಪಕ್ಕದ ಜಗುಲಿಯಲ್ಲಿ ನ್ಯಾಯ. ಚಿತ್ರಕ್ಕೊಂದು ಕಲ್ಲಿಟ್ಟು, ಯಾವುದು ಮೇಲು ಯಾವುದು ಕೀಳು ಎಂದು ಸಾಲು ಜೋಡಿಸುತ್ತಿದ್ದೆವು. ಒಬ್ಬ ಜೋಡಿಸಿದ್ದನ್ನು ಇನ್ನೊಬ್ಬ ಕೆಡಿಸುತ್ತಿದ್ದ. ಹಾವಿನ ಚಿತ್ರ, ಕಳ್ಳನ ಚಿತ್ರ, ರಾಣಿ ಚಿತ್ರ ಎಂದೇ ನಾವು ಅವನ್ನು ಕರೆಯುತ್ತಿದ್ದುದು. ಪೆದ್ದಮ್ಮ ತಮ್ಮ ಬಾಗಿಲಲ್ಲೇ ಕೂತು ರಾಟೆ ತಿರುಗಿಸುತ್ತ ಒಂದೊಂದು ಮಾತಿನಲ್ಲಿ ನಮ್ಮ ಕಲ್ಲುಗಳನ್ನು ಉರುಳಿಸುತ್ತಿದ್ದರು. ಕಳ್ಳನ ಚಿತ್ರದಲ್ಲಿ ಋಷಿಯಾಗಿದ್ದವನು ಹಾವಿನ ಚಿತ್ರದಲ್ಲಿ ಕುಡುಕನಾಗಿದ್ದ. "ಹೋದ ವಾರ ಋಷಿ, ಈ ವಾರ ಕುಡುಕ. ಅವನನ್ನ ಹೆಂಗೆ ನಂಬ್ತೀರಾ?" ಅನ್ನುವರು. ರಾಣಿಯ ಪಾತ್ರಧಾರಿ ಗಂಡಸು ಎಂದು ಕಂಡುಹಿಡಿದವರೂ ಅವರೇ. "ಕೊಡ ಸೊಂಟಕ್ಕೆ ಇಟ್ಟಿದ್ದು ನೋಡಿದ್ರಾ? ಕೂಸು ಎತ್ತಿದ ಸೊಂಟ ಅಲ್ಲ ಅದು."

ನಾನು ರಾಣಿ ಚಿತ್ರವನ್ನು ಮೊದಲನೆಯ ಜಾಗಕ್ಕಿಟ್ಟೆ. ಅದರ ಕಥೆ ಇಷ್ಟು. ರಾಜ ಉಪ್ಪರಿಗೆಯಿಂದ ನೋಡುತ್ತಾನೆ. ಕೆಳಗೆ ತೋಟದಲ್ಲಿ ರಾಣಿ ಯಾರೋ ಒಬ್ಬನ ತಲೆ ಮೇಲೆ ಕೈಯಿಟ್ಟು ನಿಂತಿದ್ದಾಳೆ. ರಾಜ ಅವಳನ್ನು ಕಾಡಿಗೆ ಅಟ್ಟುತ್ತಾನೆ. ಕೊನೆಗೆ ಆತ ರಾಣಿಯ ಕಳೆದುಹೋಗಿದ್ದ ತಮ್ಮ ಎಂದು ತಿಳಿದು, ರಾಜ ಅವಳ ಕಾಲಿಗೆ ಬೀಳುತ್ತಾನೆ. ನಾನಂತೂ ಕಣ್ಣೊರೆಸಿಕೊಂಡಿದ್ದೆ. ಪೆದ್ದಮ್ಮ ಎದ್ದು ಬಂದು ನನ್ನ ಕಲ್ಲನ್ನು ಮೂರನೆಯ ಜಾಗಕ್ಕೆ ತಳ್ಳಿದರು.

"ಯಾಕೆ ಪೆದ್ದಮ್ಮ?"

"ರಾಜ ಅಷ್ಟು ಬೇಗ ತಪ್ಪು ಒಪ್ಪಿಕೊಂಡ. ನಂಗ್ಯಾಕೋ ಅನುಮಾನ."

ಡೇರೆ ಕಿತ್ತು ಚಳ್ಳಕೆರೆಗೆ ಹೋಯಿತು. ಅಲ್ಲಿ ನನ್ನ ಅಕ್ಕನನ್ನು ಕೊಟ್ಟಿತ್ತು. ಭಾವನದು ಪೇಟೆಯಲ್ಲಿ ಸೀರೆ ಅಂಗಡಿ. ಕೆಳಗೆ ಅಂಗಡಿ, ಹಿಂದೆ ಮನೆ, ಮೇಲೆ ಸರಕಿನ ಅಟ್ಟ. ಕೆಟ್ಟವರೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಬಾಯಿ ಬಿಟ್ಟು ಮಾತಾಡದ ಮನುಷ್ಯ, ಒಳಗೇ ಲೆಕ್ಕ ಹಾಕುವವರು.

ಒಂದು ಬೆಳಿಗ್ಗೆ ಭಾವನ ಸೋದರತ್ತೆ ಅಕ್ಕನನ್ನು ಗಾಡಿಯಲ್ಲಿ ತಂದು ನಮ್ಮ ಬಾಗಿಲಲ್ಲಿ ಇಳಿಸಿದರು. ಜೊತೆಗೆ ಅವಳ ಟ್ರಂಕೂ ಇಳಿಯಿತು. ಅತ್ತೆ ಒಳಗೆ ಬರಲಿಲ್ಲ, ನೀರೂ ಕುಡಿಯಲಿಲ್ಲ. ನಿಂತಲ್ಲೇ ಹೇಳಿದರು: ಭಾವ ರಾಣಿ ಚಿತ್ರ ನೋಡಿ ಬಂದರಂತೆ, ಅವತ್ತಿನಿಂದ ಊಟ ಸೇರಲಿಲ್ಲವಂತೆ. ಎರಡು ದಿನ ಬಿಟ್ಟು ಅಟ್ಟದ ಕಿಟಕಿಯಿಂದ ನೋಡಿದಾಗ ಅಕ್ಕ ಹಿತ್ತಲ ಬಾಗಿಲಲ್ಲಿ ಯಾರಿಗೋ ಚೊಂಬು ಕೊಟ್ಟು ನಗುತ್ತಿದ್ದಳಂತೆ. "ರಾಜ ಮಾಡಿದ್ದೇ ಸರಿ ಅಂದ ನಮ್ಮ ಹುಡುಗ. ಇನ್ನು ಇವಳನ್ನ ಕರ್ಕೊಂಡು ಹೋಗಲ್ಲ," ಎಂದು ಅತ್ತೆ ಗಾಡಿ ಹತ್ತಿದರು.

ಅವ್ವ ಕದ ಹಾಕಿ ಅಕ್ಕನನ್ನು ಕೇಳಿದಳು, "ಯಾರೇ ಅವನು?"

"ದಾರಿಹೋಕ. ಮಜ್ಜಿಗೆ ಕೇಳಿದ, ಕೊಟ್ಟೆ."

"ಅಷ್ಟೇನಾ?"

ಅಕ್ಕ ಅವ್ವನ ಮುಖವನ್ನು ನೋಡುತ್ತ ನಿಂತಳು. ಆಮೇಲೆ ಅಪ್ಪ ಕೇಳಿದ, ಚಿಕ್ಕಪ್ಪ ಬಂದು ಕೇಳಿದ, ನಾನೂ ಕೇಳಿದೆ. ಅವಳು ಯಾರಿಗೂ ಉತ್ತರ ಕೊಡಲಿಲ್ಲ. ಬೀದಿಯಲ್ಲಿ ಗುಸುಗುಸು ಎದ್ದಿತು. ನಮ್ಮ ಕಡೆ ಹಾಗೆ ವಾಪಸು ಬಂದ ಹೆಣ್ಣಿಗೆ ತವರಿನಲ್ಲಿ ಜಾಗ ಸಿಗುತ್ತಿತ್ತೇ ಹೊರತು ತಲೆ ಎತ್ತಿ ನೀರಿಗೆ ಹೋಗುವ ದಾರಿ ಸಿಗುತ್ತಿರಲಿಲ್ಲ.

ಪೆದ್ದಮ್ಮ ಬಂದವರೇ ಅಕ್ಕನ ಕೈಗೆ ಒಂದು ಲಡಿ ರೇಷ್ಮೆ ಕೊಟ್ಟು, "ಬಾ, ಸುತ್ತೋದು ಬೇಕಾದಷ್ಟು ಐತೆ," ಎಂದು ತಮ್ಮ ಮನೆಗೆ ಕರೆದುಕೊಂಡು ಹೋದರು. ಸಂಜೆ ನನ್ನನ್ನು ಕರೆದು ಕೂರಿಸಿಕೊಂಡರು.

"ರಾಜಂದೇ ಸರಿ ಅಂತ ಆ ಚಿತ್ರದಾಗೆ ಎಲ್ಲೈತಲೇ ಅಬ್ಬಾಯಿ?"

"ಇಲ್ಲ. ರಾಜ ಕಾಲಿಗೆ ಬೀಳ್ತಾನೆ."

"ಮತ್ತೆ ನಿಮ್ಮ ಭಾವ ನೋಡಿದ್ದು ಯಾವ ಚಿತ್ರ? ಗಾಡಿ ಹೂಡು."

ದಾರಿಯಲ್ಲಿ ಬಿ.ಜಿ. ಕೆರೆ ಎಂಬ ಊರಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತೆವು. ಅಲ್ಲಿಯೂ ಕಟ್ಟೆಯ ಮೇಲೆ ಬಯಸ್ಕೋಪಿನದೇ ವಾದ. ಚಳ್ಳಕೆರೆಗೆ ಹೋಗಿ ನೋಡಿ ಬಂದಿದ್ದ ರೈತರು ರಾಣಿ ಚಿತ್ರವೇ ಎಲ್ಲಕ್ಕಿಂತ ಮೇಲು ಎನ್ನುತ್ತಿದ್ದರು. ಅದೂ ಯಾಕೆಂದರೆ ಆ ಕೆಟ್ಟ ಹೆಂಗಸಿಗೆ ತಕ್ಕ ಶಾಸ್ತಿ ಆಯಿತಂತೆ. ಪೆದ್ದಮ್ಮ ಗಾಡಿಯಿಂದಲೇ ಕೇಳಿದರು.

"ಕೊನೆಗೆ ಏನಾಯ್ತಪ್ಪ?"

"ಕಾಡಿಗೆ ಅಟ್ಟಿಬಿಟ್ಟ ಕಣಮ್ಮ. ಅಷ್ಟೇ, ಮುಗೀತು."

"ಆಮೇಲೆ ತಮ್ಮ ಬರಲಿಲ್ವಾ?"

"ಯಾವ ತಮ್ಮ?"

ಪೆದ್ದಮ್ಮ ನನ್ನ ಕಡೆ ನೋಡಿದರು. ಎತ್ತುಗಳು ನೀರು ಕುಡಿದು ಮುಗಿಸುವ ಮುಂಚೆಯೇ, "ಗಾಡಿ ಹೊಡಿ," ಅಂದರು.

ಕಥೆ ಹೇಳುವವನು ಡೇರೆಯ ಹಿಂದೆ ಒಲೆ ಹಚ್ಚಿಕೊಂಡು ಕೂತಿದ್ದ. ಪೆದ್ದಮ್ಮ ಅವನ ಎದುರಿಗೇ ಕೂತರು. ಮೊದಲು ಅವನು ಗತ್ತು ಮಾಡಿದ. ಅವರು ಬಿಡಲಿಲ್ಲ, ಒಂದೇ ಮಾತನ್ನು ಹಿಂದೆ ಮುಂದೆ ಮಾಡಿ ಕೇಳಿದರು. ಕೊನೆಗೆ ಅವನು ತಲೆ ಕೆರೆದುಕೊಂಡ.

"ಇಲ್ಲಿಗೆ ಬಂದ ದಿನಾನೇ ಕೊನೆ ಸುರುಳಿ ದೀಪದ ಬಿಸಿಗೆ ಸುಟ್ಟು ಹೋಯ್ತಮ್ಮ. ಕಾಡಿಗೆ ಅಟ್ಟೋದ್ರಲ್ಲೇ ಚಿತ್ರ ನಿಲ್ತದೆ. ಏನೂ ತಪ್ಪು ಮಾಡದೋಳನ್ನ ಅಟ್ಟಿ ಆಟ ಮುಗಿಸಿದ್ರೆ ಜನ ಡೇರೆ ಉಳಿಸ್ತಾರಾ? ಅದಕ್ಕೆ ತೋಟದಾಗೆ ಇರೋನನ್ನ ರಾಣಿಯ ಕಳ್ಳ ಗೆಣೆಯ ಮಾಡಿದೆ. ಈಗ ಎಲ್ಲಾರೂ ಖುಷಿಯಾಗಿ ಹೋಗ್ತಾರೆ."

ನಾನು ಎದ್ದೆ. ಅವನನ್ನು ಹೊಡೆಯಲೇ ಎದ್ದಿದ್ದೆ. ಪೆದ್ದಮ್ಮ ನನ್ನ ಪಂಚೆ ಹಿಡಿದು ಕೂರಿಸಿದರು. ಅವನಿಗೆ ಹೇಳಿದ್ದು ಇಷ್ಟೇ: "ಇವತ್ತಿನ ಆಟದಾಗೆ ತೋಟದ ಭಾಗ ಬಂದಾಗ ಬಾಯಿ ಮುಚ್ಕೊಂಡು ನಿಂತಿರು. ಇಲ್ಲಾಂದ್ರೆ ಬಾಗಿಲಾಗೆ ನಿಂತು ಸುರುಳಿ ಸುಟ್ಟಿದ್ದನ್ನ ಬರೋರಿಗೆಲ್ಲಾ ಹೇಳ್ತೀನಿ."

ಅಲ್ಲಿಂದ ಅಂಗಡಿಗೆ ಹೋದೆವು. ಭಾವ ಸೀರೆ ಮಡಿಸುತ್ತಿದ್ದರು. ಪೆದ್ದಮ್ಮ ಅಕ್ಕನ ಹೆಸರನ್ನೇ ಎತ್ತಲಿಲ್ಲ. "ಬಯಸ್ಕೋಪು ಒಬ್ಬಳೇ ನೋಡೋಕೆ ನಂಬಿಕೆ ಇಲ್ಲ, ಜೊತೆಗೆ ಬಾ ನಾಯನಾ," ಅಂದರು. ಹಿರಿಯರ ಮಾತು ತೆಗೆದುಹಾಕಲಾಗದೆ ಭಾವ ಬಂದರು. ಡೇರೆಯಲ್ಲಿ ನನ್ನ ಪಕ್ಕದಲ್ಲಿ ಕೂತರು, ನನ್ನ ಮುಖ ನೋಡಲಿಲ್ಲ.

ತೋಟ ಬಂತು. ರಾಣಿ ಬಂದಳು. ಕಥೆ ಹೇಳುವವನು ಬೆತ್ತ ಕೆಳಗಿಟ್ಟು ಸುಮ್ಮನಾದ. ಜನಕ್ಕೆ ತಡೆಯಲಾಗಲಿಲ್ಲ. "ಹೇಳಲೇ," ಎಂದು ಹಿಂದಿನಿಂದ ಕೂಗಿದರು, ಸಿಳ್ಳೆ ಹಾಕಿದರು, ಯಾರೋ ಕಡಲೆಕಾಯಿ ಸಿಪ್ಪೆ ಎಸೆದರು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಯಂತ್ರ ತಿರುಗುವ ಸದ್ದು ಮಾತ್ರ ಉಳಿಯಿತು. ಪರದೆಯ ಮೇಲೆ ರಾಣಿ ಒಬ್ಬನ ತಲೆ ಮೇಲೆ ಕೈ ಇಟ್ಟಳು, ಏನೋ ಅಂದಳು, ನಕ್ಕಳು. ಅವನೂ ಏನೋ ಅಂದ. ಮೇಲೆ ರಾಜ ನೋಡುತ್ತಿದ್ದ. ಅದೇ ಚಿತ್ರಕ್ಕೆ ಹಿಂದೆ ಅತ್ತಿದ್ದವನು ನಾನು. ಮಾತು ನಿಂತಾಗ ಅವನು ತಮ್ಮನೋ ಗೆಣೆಯನೋ ನನಗೇ ಗೊತ್ತಾಗಲಿಲ್ಲ. ಪಕ್ಕದಲ್ಲಿ ಭಾವ ಮುಂದಕ್ಕೆ ಬಾಗಿ ಕೂತಿದ್ದರು.

ಆಟ ಬಿಟ್ಟ ಮೇಲೆ ಹೊರಗೆ ಹುಣಸೆ ಮರದ ಕೆಳಗೆ ಪೆದ್ದಮ್ಮ ಭಾವನನ್ನು ನಿಲ್ಲಿಸಿಕೊಂಡರು.

"ತೋಟದಾಗೆ ಏನು ಕಂಡೆ?"

"ರಾಣಿ ಅವನ ತಲೆ ಮೇಲೆ ಕೈ ಇಟ್ಟಳು."

"ಯಾರವನು?"

"ಆವತ್ತು ಗೆಣೆಯ ಅಂತ..."

"ಆವತ್ತು ಹೇಳಿದ್ದು ಬ್ಯಾಡ. ಇವತ್ತು ಕಂಡಿದ್ದು ಹೇಳು."

"ಗೊತ್ತಾಗಲಿಲ್ಲ ಪೆದ್ದಮ್ಮ."

ಪೆದ್ದಮ್ಮ ಸುರುಳಿ ಸುಟ್ಟ ಕಥೆ, ತಮ್ಮನ ಕಥೆ ಎಲ್ಲವನ್ನೂ ಹೇಳಿದರು. ಭಾವ ನೆಲ ನೋಡುತ್ತ ಕೇಳಿದರು. ಹೇಳಿ ಮುಗಿಸಿ ಪೆದ್ದಮ್ಮ ದನಿ ಏರಿಸದೆ ಕೇಳಿದರು, "ಡೇರೆಯಾಗೆ ಕಥೆ ಹೇಳೋಕೆ ಇವನಿದ್ದ. ಅಟ್ಟದ ಮೇಲೆ ನಿನಗೆ ಯಾರು ಹೇಳಿದ್ರು?"

ಭಾವ ಹೆಗಲ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಆಮೇಲೆ, "ನಾನೇ," ಅಂದರು.

ಹಬ್ಬಕ್ಕೆ ಮುಂಚೆ ಭಾವ ತಾವೇ ಗಾಡಿ ಕಟ್ಟಿಕೊಂಡು ಬಂದು ನಮ್ಮ ಜಗುಲಿಯಲ್ಲಿ ಕೂತರು. ಅಕ್ಕ ಅವರನ್ನು ಸಂಜೆಯವರೆಗೆ ಕಾಯಿಸಿ ಆಮೇಲೆ ಹೊರಟಳು. ನಮ್ಮ ಮನೆಯಲ್ಲಿ ಎಲ್ಲರೂ ಸಿಹಿ ತಿಂದರು, ಪೆದ್ದಮ್ಮ ಒಬ್ಬರನ್ನು ಬಿಟ್ಟು. "ಇವನೂ ಬೇಗ ಒಪ್ಪಿಕೊಂಡ," ಎಂದು ಗೊಣಗಿದರು. ಅದಾದ ಮೇಲೆ ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ಯಾರಿಗೂ ಹೇಳದೆ ಚಳ್ಳಕೆರೆಗೆ ಹೋಗಿ ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗುತ್ತಿದ್ದರು. ಅಡುಗೆಮನೆ ನೋಡಿ, ಅಕ್ಕನ ಮುಖ ನೋಡಿ, ಅವಳ ಮುಂಗೈ ಮೇಲೆ ಬೆರಳೆಳೆದು ಬರುತ್ತಿದ್ದರು. ಭಾವ ಅವರಿಗೆ ತಾವೇ ಎಲೆ ಹಾಕಿ ಬಡಿಸುತ್ತಿದ್ದರು. "ಹೆಂಗಿದಾರೆ ಭಾವ?" ಎಂದು ನಾನು ಕೇಳಿದರೆ, "ಇನ್ನೂ ನೋಡ್ತಾ ಇದೀನಿ," ಅನ್ನುವರು. ಅಷ್ಟರಲ್ಲಿ ಅಕ್ಕನಿಗೆ ಮೂರು ಮಕ್ಕಳಾಗಿದ್ದವು.

ಪೆದ್ದಮ್ಮ ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ, ರಾಟೆಯ ಪಕ್ಕದಲ್ಲೇ. ವೈದ್ಯ ಕೊಟ್ಟ ಪುಡಿಯನ್ನು ನಂಬದೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದರು. ಚಳ್ಳಕೆರೆಯಿಂದ ಅಕ್ಕ, ಭಾವ ಬಂದರು. ಮಣ್ಣು ಮುಗಿಸಿ ಬಂದು ಜಗುಲಿಯಲ್ಲಿ ಕೂತಾಗ ದುಃಖದ ನಡುವೆಯೂ ಜನ ಅವರ ಅನುಮಾನದ ಕಥೆಗಳನ್ನೇ ತೆಗೆದರು. ಬೊಂಬಾಯಿಯ ಪದಕ, ರಾಣಿಯ ಸೊಂಟ, ನನ್ನ ಮೀಸೆ. ನಗು ಬಂತು, ಅಳುವೂ ಬಂತು. "ಪ್ರಶ್ನೆ ಕೇಳದೆ ಯಾರನ್ನೂ ಬಿಟ್ಟೋಳಲ್ಲ," ಅಂದ ಅಪ್ಪ.

ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು. "ನನ್ನನ್ನ ಕೇಳಲಿಲ್ಲ," ಅಂದಳು.

ಎಲ್ಲರೂ ಅವಳ ಕಡೆ ನೋಡಿದೆವು. ಅವಳು ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದಳು: "ಅಷ್ಟು ದಿನ ಪಕ್ಕದಾಗೆ ಕೂರಿಸ್ಕೊಂಡು ರೇಷ್ಮೆ ಸುತ್ತಿಸಿದಳು. ತಲೆ ಬಾಚಿದಳು, ಉಣ್ಣೋಕೆ ಇಟ್ಟಳು. ಅವನು ಯಾರು, ಯಾಕೆ ನಕ್ಕೆ ಅಂತ ಒಂದು ಸಲಾನೂ ಕೇಳಲಿಲ್ಲ. ಕೇಳದೆ ಇದ್ದೋಳು ಅವಳೊಬ್ಬಳೇ."